ಎಂಟು ಬೋಲ್ಟು

ಬೀರು ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ
ಲಿಗೋರಿಯಣ್ಣ ಜೀಪಿನ ಮೂತಿಗೆ ಹಿಡಿದು ನೋಡಿದರು.
ಸರಿಯಾಗಿ ಕೂತಿತು.
"ರಟ್ಟು ಎಲ್ಲದಕ್ಕೂ ಹೂಂ ಅನ್ನುತ್ತೆ ಸುಗುಣಾ,
ಕಬ್ಬಿಣವನ್ನ ಕೇಳಿ ನೋಡಬೇಕು."

ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ಶೆಡ್ಡು. ಫೆಬ್ರವರಿ.
ಸುತ್ತಲ ತೋಟಗಳೆಲ್ಲ ಹೂವಿಗೆಂದು ಸ್ಪ್ರಿಂಕ್ಲರ್ ಬಿಟ್ಟು
ಲೈನಿನ ವೋಲ್ಟೇಜನ್ನೆಲ್ಲ ಕುಡಿದುಬಿಡುತ್ತವೆ;
ರಾಡು ಅಂಟಿಕೊಳ್ಳುತ್ತದೆಯೇ ಹೊರತು ಕರಗುವುದಿಲ್ಲ.
ಹಾಗಾಗಿ ನಮ್ಮ ಕೆಲಸ ರಾತ್ರಿ ಹನ್ನೊಂದರ ಮೇಲೆ,
ಪಂಪುಗಳು ಮಲಗಿದ ಮೇಲೆ.

ವಿಂಚು ಹಾಸನದ ಗುಜರಿಯಲ್ಲಿ ಸಿಕ್ಕಿದ್ದು,
ಮೋಟರು ಬೇಲೂರಿನಲ್ಲಿ ಮತ್ತೆ ಸುತ್ತಿಸಿದ್ದು.
ಹತ್ತು ಎಂಎಂ ಪ್ಲೇಟು ಮುಚ್ಚಿದ ಅಕ್ಕಿ ಗಿರಣಿಯದು.
ಹಗ್ಗ ಹೊರಬರುವ ಬಾಯಿಗೆ ರೋಲರು
ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಮಿಷನ್ನಿನದು;
ತಿಕ್ಕಿ ತೊಳೆದರೂ ಮೊದಲ ವಾರ ಇರುವೆ ಮುತ್ತಿದವು.

"ಹೆಂಗಸಿಗ್ಯಾಕೆ ವಿಂಚು, ರ‍್ಯಾಲಿಗೆ ಹೋಗ್ತೀಯಾ?"
ಟೀಗೆಂದು ನಿಂತ ಟಿಂಬರ್ ಲಾರಿಯವರು ಕೇಳಿದರು.
ನಾನು ಹೇಳಲಿಲ್ಲ:
ಹೋದ ಜುಲೈ, ಕುಂದೂರು ಏರಿನ ಮೂರನೇ ತಿರುವು,
ಹಿಂದೆ ತಳ್ಳುತ್ತಿದ್ದ ಹನ್ನೊಂದು ಹೆಂಗಸರು,
ಜೀಪು ಒಂದು ಗೇಣು ಹಿಂದಕ್ಕೆ ಜಾರಿದ್ದು,
ಪೂವಾಯಿಯ ಪಾದ.
ಆಮೇಲೆ ಅವಳೇ ನನಗೆ ಸಮಾಧಾನ ಹೇಳಿದ್ದು.

ನನ್ನ ಅವಸರಕ್ಕೆ ಮೊದಲು ಬಂಪರಿಗೇ ಕಟ್ಟಿದೆವು.
ಸ್ವಿಚ್ಚು ಒತ್ತಿದೆ. ಜೀಪು ಕದಲಲಿಲ್ಲ.
ಬಂಪರು ಮಾತ್ರ, ಯಾರೋ ಕರೆದರೆಂದು ಹೊರಟ ಮಗುವಿನಂತೆ
ಒಂದೇ ಮುಂದೆ ಬಂತು.

ಲಿಗೋರಿಯಣ್ಣ ನಗಲಿಲ್ಲ. ಕೆಳಗೆ ತೂರಿ
ಚಾಸಿಯ ಎರಡು ಕೊಂಬುಗಳನ್ನು ಬೆರಳ ಗೆಣ್ಣಿನಿಂದ ಬಡಿದರು.
"ಎಳೆಯೋದು ದೊಡ್ಡ ಮಾತಲ್ಲ.
ಎಳೆಯೋನು ಎಲ್ಲಿ ನಿಂತಿದಾನೆ, ಅದನ್ನ ನೋಡು."
ಆ ಕೊಂಬಿನಿಂದ ಈ ಕೊಂಬಿಗೆ ಚಾನಲ್ಲು,
ಒಳಗೊಂದು ಹೊರಗೊಂದು ಪ್ಲೇಟು,
ಎಂಟು ಬೋಲ್ಟು.
ತೂತು ಕೊರೆಯಲೇ ಎರಡು ರಾತ್ರಿ. ಬಿಟ್ಟು ಮೂರು ಮುರಿದವು.
ನಾಲ್ಕನೆಯದಕ್ಕೆ ನಾನು ಸೀಮೆಎಣ್ಣೆ ತೊಟ್ಟಿಕ್ಕುತ್ತ ಕೂತೆ;
ಹೊರಗೆ ಕಾಫಿ ಹೂವಿನ ವಾಸನೆ, ಒಳಗೆ ಸುಟ್ಟ ಫ್ಲಕ್ಸಿನದು,
ಎರಡೂ ಸೇರಿ ತಲೆನೋವು.

ಪರೀಕ್ಷೆಯ ದಿನ, ಆಡಿಕೊಂಡವರ ಲಾರಿಗೇ ಕೊಕ್ಕೆ ಸಿಕ್ಕಿಸಿ
ಹಗ್ಗದ ಮೇಲೆ ಒದ್ದೆ ಗೋಣಿ ಹೊದಿಸಿದರು.
ಯಾಕೆಂದು ಕೇಳಿದೆ.
ಪ್ಯಾಂಟನ್ನು ಮೊಣಕಾಲಿಗೆತ್ತಿ ತೋರಿಸಿದರು:
ಮೂಳೆಗಂಟಿದ, ಹೊಳೆಯುವ ಒಂದು ಗೆರೆ.
"ನಾಟಾ ಎಳೆಯೋವಾಗ ಹರೀತು. ನಂಗೆ ಇಷ್ಟೇ.
ಪಕ್ಕದಲ್ಲಿ ಅಂತೋಣಿ ನಿಂತಿದ್ದ."
ಮುಂದಿನದನ್ನು, ಗೋಣಿಯ ಮೂಲೆ ಸರಿಪಡಿಸುತ್ತ, ನುಂಗಿಕೊಂಡರು.
"ದೂರ ನಿಲ್ಲು. ಇನ್ನೂ ದೂರ."

ಲಾರಿ ಅಲುಗಲಿಲ್ಲ.
ಬ್ರೇಕು ಕಚ್ಚಿದ ನಾಲ್ಕು ಚಕ್ರಗಳನ್ನೂ ಗೀರೆಳೆಯುತ್ತ
ಜೀಪೇ ಅದರ ಕಡೆಗೆ ತೆವಳಿತು.
ಬೋಲ್ಟುಗಳ ಮೇಲೆ ಬಳಿದ ಬಿಳಿ ಬಣ್ಣದ ಗೆರೆ
ಕೂದಲೆಳೆಯಷ್ಟೂ ಸರಿದಿರಲಿಲ್ಲ.
ಕೂಲಿ ಎಷ್ಟೆಂದರೆ ಆ ರಟ್ಟಿನ ಹಿಂದೆಯೇ ಬರೆದುಕೊಟ್ಟರು.
ಮುರಿದ ಬಿಟ್ಟುಗಳನ್ನು ಹಿಡಿದಿರಲಿಲ್ಲ.

ಜೂನ್ ಕೊನೆ. ಅದೇ ತಿರುವು. ಹಿಂದಿನ ಚಕ್ರ ಹೂತಿತು.
ನಾನು ಬಾಯಿ ತೆರೆಯುವ ಮೊದಲೇ ಎಲ್ಲರೂ ಇಳಿದು
ರೂಢಿಯಂತೆ ಹಿಂದೆ ಹೋಗಿ ಕೈಯಿಟ್ಟಿದ್ದರು.
"ಬಿಡ್ರೇ, ಮೇಲೆ ದಂಡೆಗೆ ಹೋಗಿ. ಇನ್ನೂ ದೂರ."
ಹಲಸಿನ ಬುಡಕ್ಕೆ ಹಳೇ ಟೈರು ಸುತ್ತಿ, ಅದರ ಮೇಲೆ ಬಿಗಿದು,
ಗೋಣಿ ಹೊದಿಸಿ ಬಂದೆ.

ಮೋಟರು ನರಳಿತು. ಬೋಲ್ಟುಗಳು ಏನೂ ಅನ್ನಲಿಲ್ಲ.
ಜೀಪು ಕೆಸರಿನಿಂದ ಒಂದೊಂದೇ ಕಾಲು ಕಿತ್ತುಕೊಂಡಿತು.

ಹೆಂಗಸರು ದಂಡೆಯ ಮೇಲೆ ನಿಂತೇ ಇದ್ದರು,
ಕೈ ಎಲ್ಲಿಡಬೇಕೆಂದು ಗೊತ್ತಾಗದೆ:
ಒಬ್ಬಳದು ಸೊಂಟದ ಮೇಲೆ, ಒಬ್ಬಳದು ಸೆರಗಿನೊಳಗೆ.
ಪೂವಾಯಿ ಕುಂಟುತ್ತ ಇಳಿದು ಬಂದು
ಸಡಿಲಾದ ಹಗ್ಗದಿಂದ ಗೋಣಿಯನ್ನೆತ್ತಿ ಕೊಡವಿ
ಮಡಚಿ
ನನ್ನ ಸೀಟಿನ ಹಿಂದೆ ಇಟ್ಟಳು.