ಬಂದ ದಾರಿಗೂ ಸುಂಕ

ಗೋಥೆನ್‌ಬರ್ಗ್‌ನಲ್ಲಿ ರಾತ್ರಿ ಒಂದು ದಾಟಿ
ಕೊನೆಯ ಟ್ರಾಮು ಇಳಿಜಾರು ಇಳಿದು ಹೋಗುವ ತನಕ
ಅಳತೆ ಶುರುಮಾಡುವ ಹಾಗಿಲ್ಲ.
ಮೇಲಿನ ತಂತಿಯಲ್ಲಿ ಹರಿವ ವಿದ್ಯುತ್ತು
ನೆಲಮಾಳಿಗೆಯ ಆಯಸ್ಕಾಂತವನ್ನೂ ಕೆಣಕುತ್ತದೆ,
ಪರದೆಯ ಮೇಲೆ ಗೆರೆ ಬಿಕ್ಕಳಿಸುತ್ತದೆ.
ಬಿಕ್ಕಳಿಕೆ ನೋಡಿಯೇ ರಾಗ್ನ್‌ಹಿಲ್ಡ್ ಹೇಳಬಲ್ಲಳು
ಬೋಗಿ ಎರಡೋ ಮೂರೋ, ಚಾಲಕ ಹೊಸಬನೋ ಎಂದು.

ಇಪ್ಪತ್ತಾರು ವರ್ಷ ಇದೇ ಕೋಣೆ. ಬರುವ ಬೇಸಿಗೆಗೆ ನಿವೃತ್ತಿ.

ಈ ವಾರದ ತುಣುಕು ಅವಳ ಕೈಯದೇ:
ಉಗುರಗಲ ಗಾರ್ನೆಟ್ಟು, ಅದಕ್ಕೆ ಚಿನ್ನದ ಹೊದಿಕೆ,
ಹೊದಿಕೆ ತುಂಬ ತೂತು, ಸಾಲು ಸಾಲು,
ಒಂದೊಂದೂ ಬೆಳಕಿನ ಅಲೆಗಿಂತ ಕಿರಿದು.
ನುಗ್ಗಲಾರದ ಬೆಳಕು ಅಲ್ಲಿ ತಡವರಿಸುತ್ತದೆ;
ಚಿನ್ನದ ಮೈಮೇಲಿನ ಇಲೆಕ್ಟ್ರಾನುಗಳನ್ನು ತೂಗಿ ತೂಗಿ
ಅವುಗಳ ಭುಜ ಹಿಡಿದು ಆಚೆ ದಾಟುತ್ತದೆ.
ಆ ತಡವರಿಕೆಯಲ್ಲೇ ಆಯಸ್ಕಾಂತ ಅದನ್ನು ಹೊರಳಿಸುವುದು.
ಬರೀ ಗಾರ್ನೆಟ್ಟಿನಲ್ಲಿ ಕೂದಲೆಳೆಯಷ್ಟಿದ್ದ ಹೊರಳು
ಜಾಲರಿ ಹೊದ್ದ ಮೇಲೆ ಆರು ಪಟ್ಟು.

"ಕನ್ನಡಿ ಇಟ್ಟು ಬಂದ ದಾರಿಯಲ್ಲೇ ವಾಪಸು ಕಳಿಸಿದರೆ
ನೆಟ್ಟಗಾಗುತ್ತದಲ್ಲ?" ಕೇಳಿದ ಟೂರೆ, ಮೊದಲ ವರ್ಷದವನು.
ಅವಳು ಮಾತಾಡದೆ
ಮೊದಲು ಸಕ್ಕರೆ ನೀರಿನ ಕೊಳವೆ ಇಟ್ಟಳು.
ಕನ್ನಡಿಗೆ ತಾಗಿ ಮರಳಿದ ಬೆಳಕು
ಹೋಗುವಾಗ ಸುತ್ತಿಕೊಂಡದ್ದನ್ನೆಲ್ಲ ಬಿಚ್ಚಿಟ್ಟು
ಹೊರಟ ಹಾಗೇ ನೆಟ್ಟಗೆ ಬಂದಿತ್ತು.
ಆಮೇಲೆ ತುಣುಕು. ಅದೇ ಕನ್ನಡಿ. ಅದೇ ದಾರಿ.
ಬಿಚ್ಚಲಿಲ್ಲ.
ಇಮ್ಮಡಿಯಾಯಿತು.

ಬಂದ ದಾರಿಗೆ ಸುಂಕವಿಲ್ಲ ಅಂದವರು
ಈ ಕಟ್ಟೆ ಕಂಡವರಲ್ಲ.
ಇಲ್ಲಿ ಸುಂಕದವನು ಎತ್ತ ಮುಖ ಮಾಡಿ ಕೂತಿದ್ದಾನೋ ಅದೇ ಲೆಕ್ಕ,
ನೀನು ಹೋಗುತ್ತಿದ್ದೀಯೋ ಬರುತ್ತಿದ್ದೀಯೋ ಕೇಳುವುದಿಲ್ಲ,
ಅವನೆದುರು ಸುಖದುಃಖ ಹೇಳಿ ಫಲವಿಲ್ಲ.

ಟೂರೆ ನಕ್ಕ. ಅವಳು ಮಸೂರ ಒರೆಸುತ್ತಿದ್ದಳು.
ಹೋದ ತಿಂಗಳು ಒಂದು ಭಾನುವಾರ
ದೋಣಿ ಹತ್ತಿ ವ್ರೋಂಗೊ ದ್ವೀಪಕ್ಕೆ ಹೋಗಿದ್ದಳು,
ಹತ್ತೊಂಬತ್ತು ವರ್ಷದ ಮೇಲೆ,
ಅಪ್ಪನ ಮೀನುದೋಣಿ ಮಾರಿದ ಜಗಳ ಬಿಡಿಸಿಕೊಳ್ಳಲು.
ಅಕ್ಕ ಸೋಲ್‌ವೈಗ್ ಬಾಗಿಲು ತೆರೆದಳು.
ಹವೆಯ ಮಾತಾಡಿದಳು. ಕಾಫಿ ಕಾಸಿದಳು.
ಮೇಜಿನ ಮೇಲೆ ಒಂದೇ ಬಟ್ಟಲು ಇಟ್ಟಳು.

ನಾಲ್ಕೂವರೆಗೆ ಗೆರೆ ಬಿಕ್ಕಿತು.
ರಾಗ್ನ್‌ಹಿಲ್ಡ್ ಪುಸ್ತಕದಲ್ಲಿ ಕೋನ ಬರೆದಳು,
ಬಿಂದುವಿನಾಚೆ ಮೂರು ಅಂಕಿ;
ದೋಷದ ಕಾಲಮ್ಮಿನಲ್ಲಿ: ಮೊದಲ ಟ್ರಾಮು.
ಟೂರೆ ಕೋಟು ಹಾಕಿಕೊಂಡು ಬಾಗಿಲಲ್ಲಿ ಕಾದ.
ಅವಳು ಬಗ್ಗಿ, ಆಯಸ್ಕಾಂತದ ಎರಡು ತಂತಿ ಕಳಚಿ,
ಕೆಂಪನ್ನು ಕಪ್ಪಿನ ಜಾಗಕ್ಕೆ, ಕಪ್ಪನ್ನು ಕೆಂಪಿನ ಜಾಗಕ್ಕೆ
ಸಿಕ್ಕಿಸಿ ತಿರುಪು ಬಿಗಿದಳು,
ನಾಳೆ ರಾತ್ರಿಗೆ.