ಒಂದು ದೀರ್ಘ ಬಾಕಿ

ಗುಜರಿಯ ಮುನಾಫ್ ಕೇಳಿದ್ದು ಇಷ್ಟೇ:
ಚಾಸಿ ನಂಬರು ಕಾಣಬೇಕು ಪೇಂಟರೇ,
ಆರ್‌ಟಿಓದವರು ಪೆನ್ಸಿಲ್ಲಿನಲ್ಲಿ ಅಚ್ಚು ತೆಗೀತಾರೆ,
ಬಳಿದವರೇ ಸ್ವಲ್ಪ ಉಜ್ಜಿಕೊಡಿ.

ನಂಬರು ಹತ್ತು ನಿಮಿಷಕ್ಕೆ ಸಿಕ್ಕಿತು.
ಕೈ ನಿಲ್ಲಲಿಲ್ಲ.
ಒರಟು ಉಜ್ಜುಕಾಗದ, ಒಂದು ಮಗ್ಗು ನೀರು,
ಕೋಡಿಬಾಗದ ಮಧ್ಯಾಹ್ನ.

ಮೇಲಿನದು ಬಿಳಿ.
ಬೈತಖೋಲದ ಬರ್ಫಿನ ಬಿಳಿ, ಒಳಗೆ ಬಂಗುಡೆ, ತಾರ್ಲೆ,
ಹಿಂದೆ ರಸ್ತೆಯುದ್ದಕ್ಕೂ ಹನಿಯ ಗೆರೆ,
ಬಂದರಿನಿಂದ ಪೇಟೆಗೆ ಬೆಕ್ಕುಗಳಿಗೆ ಬಾಯಿಪಾಠವಾದ ದಾರಿ.
ಉಪ್ಪು ತಿಂದ ತಳಕ್ಕೆ ದಾಮು ಹರಿಕಂತ್ರ
ಎಣ್ಣೆಡಬ್ಬಿ ಬಿಚ್ಚಿ ತಗಡು ಹೊಡೆಸಿದ್ದ;
ಬಗ್ಗಿ ನೋಡಿದರೆ ಈಗಲೂ ತಲೆಕೆಳಗಾಗಿ
‘ಶುದ್ಧ ಕೊಬ್ಬರಿ ಎಣ್ಣೆ’.

ಬಿಳಿಯಡಿ ನೀಲಿ: ವಿಠೋಬ ಸೋಡಾ.
ಗೋಲಿಗಳ ಕಿಣಿಕಿಣಿ ಕೇಳಿ ಶಾಲೆ ಬಿಟ್ಟಿತೆಂದು
ಮಕ್ಕಳು ಪಾಟಿಚೀಲ ಎತ್ತುತ್ತಿದ್ದರಂತೆ.
ಸುಳ್ಳಿರಬಹುದು, ವಿಠೋಬನೇ ಹೇಳಿದ್ದು.
ಆ ನೀಲಿ ನನಗೆ ಹಿಡಿಸಿರಲಿಲ್ಲ,
ಯಾರದೋ ದೋಣಿಗೆ ಬಳಿದು ಮಿಕ್ಕಿದ್ದು.

ನೀಲಿಯಡಿ ಬಣ್ಣವೇ ಇಲ್ಲ.
ಬರೀ ಪ್ರೈಮರು, ಹಸಿ ಇಟ್ಟಿಗೆಯಂಥದು.
ಅರಗಾ ಖಾಲಿಯಾದ ವರ್ಷ ಅದು.
ನೌಕಾನೆಲೆಗೆ ಜಾಗ ಬಿಟ್ಟವರ ಬಾಗಿಲು, ಚೌಕಟ್ಟು, ಒರಳು,
ಬೇರಿನ ಮಣ್ಣು ಸಮೇತ ತುಳಸಿ,
ಹೊಲಿಗೆ ಯಂತ್ರ, ಅದನ್ನು ತಬ್ಬಿ ಕೂತ ಅಜ್ಜಿ,
ಎಲ್ಲ ಈ ಡಬ್ಬದಲ್ಲೇ ಹೋಯಿತು.
ಯಾರ ಹೆಸರು ಬರೆಯಲಿ ಎಂದು ಕೇಳಿದ್ದೆ.
ಡ್ರೈವರ್ ಪಾವ್ಲು ಬೀಡಿ ಹೊಸಕಿ,
‘ದಿನಕ್ಕೆ ಮೂರು ಮನೆ. ಯಾವುದೂಂತ ಬರೀತಿ?’
ಪ್ರೈಮರಿನ ಮೇಲೆ ಅವನು ಮೊಳೆಯಲ್ಲಿ ಗೀರಿದ ಲೆಕ್ಕವಿದೆ,
ನಾಲ್ಕು ಗೀಟು, ಒಂದು ಅಡ್ಡ,
ನಾಲ್ಕು ಗೀಟು, ಒಂದು ಅಡ್ಡ.
ಅರವತ್ತರ ತನಕ ಎಣಿಸಿ
ನೀರು ಬದಲಿಸಲು ಎದ್ದೆ.

ಅದರಡಿ ಕೆನೆಬಣ್ಣ.
ಇಲ್ಲಿ ಕೈ ತಾನಾಗಿ ಮೆಲ್ಲಗಾಯಿತು.
ಕಾಳಿಗೆ ಸೇತುವೆ ಬರುವ ಮುಂಚಿನ ಮಾತು
(ಆ ಸೇತುವೆಯೂ ಬಂದು, ದುಡಿದು,
ಒಂದು ಆಗಸ್ಟಿನ ರಾತ್ರಿ ನದಿಗೆ ಬಿದ್ದಾಯಿತು).
ನಸುಕಿನ ಬಾರ್ಜಿನಲ್ಲಿ ಇದು ಸದಾಶಿವಗಡಕ್ಕೆ ದಾಟುತ್ತಿತ್ತು,
ಹೊಟ್ಟೆ ತುಂಬ ಬಿಸಿ ಪಾವು, ಗುಂಡನೆಯ ಉಂಡೊ, ಬಳೆಯಂಥ ಕಂಕಣ.
ಹಗ್ಗ ಎಳೆಯುವ ಹುಡುಗರು ಚಳಿಗೆ
ಡಬ್ಬಕ್ಕೆ ಬೆನ್ನು ಕೊಟ್ಟು ಆಚೆ ದಡ ಬರುವವರೆಗೂ ಅಲ್ಲಾಡುತ್ತಿರಲಿಲ್ಲ.
ನನಗೆ ಹದಿನಾರು. ಮೊದಲ ಕೆಲಸ.
ಮೂರು ದಿನ ಕೂತು ಕೆಂಪಿನಲ್ಲಿ, ನೆರಳು ಕೊಟ್ಟು, ಬರೆದೆ:
ಕಾಯ್ತಾನ್ ಬೆಕರಿ.
ದೀರ್ಘ ಮರೆತಿದ್ದೆ.
ಕಾಯ್ತಾನ್ ಬಾಬನಿಗೆ ಕನ್ನಡ ಓದಲು ಬಾರದು;
ಗಾಡಿಗೆ ಒಂದು ಸುತ್ತು ಬಂದು, ‘ಬರೆಂ ಆಸಾ’ ಎಂದು
ದುಡ್ಡಿನ ಮೇಲೆ ಹನ್ನೆರಡು ಪಾವು ಇಟ್ಟ.
ಹನ್ನೆರಡೂ ತಿಂದೆ. ತಿದ್ದಲಿಲ್ಲ.
ಅಷ್ಟು ವರ್ಷ ಊರು ಆ ತಪ್ಪನ್ನೇ ಓದಿಕೊಂಡು
ಬೆಳಿಗ್ಗೆ ತಿಂಡಿ ತಿಂದಿತು.

ಮುಂಬಾಗಿಲಲ್ಲಿ ಇನ್ನೂ ಒಂದು ಪದರ, ಕಪ್ಪು. ನನ್ನದಲ್ಲ.
ಆಗ ಇದು ಕಾರು, ಪೂರಾ ಫಿಯೆಟ್ ಕಾರು, ಮುಂಬಯಿಯ ಯಾರೋ ಡಾಕ್ಟರರದ್ದು.
ಶಾಬಾ ಆಚಾರಿ ಹ್ಯಾಕ್ಸಾ ಹಿಡಿದು
ಬೆನ್ನು ಕೊಯ್ದು ಡಬ್ಬ ಕೂರಿಸಿದ.
ತೆಗೆದ ಹಿಂದಿನ ಸೀಟು ಗಜಾನನ ಸಲೂನಿಗೆ ಹೋಯಿತು.
ತಿಂಗಳಿಗೊಮ್ಮೆ ಅದರ ಮೇಲೆ ಕೂತು ಸರದಿ ಕಾಯುತ್ತೇನೆ,
ಎಲ್ಲಿಗೂ ಹೋಗದೆ ಉಳಿದ ಅರ್ಧದಲ್ಲಿ.

ಮುನಾಫ್ ಲೆಕ್ಕ ಹೇಳುತ್ತಿದ್ದಾನೆ:
ಕಬ್ಬಿಣ ಇಷ್ಟು, ಹಿತ್ತಾಳೆ ಇಷ್ಟು,
ಬಣ್ಣದ ತೂಕ ಕಳೆಯೋದಿಲ್ಲ, ಹೋಗಲಿ ಬಿಡಿ.

ಡಬ್ಬಿಯ ತಳದಲ್ಲಿ ಒಂದು ಚಮಚ ಕೆಂಪಿತ್ತು.
ಕುಂಚವನ್ನು ತುಟಿಯಲ್ಲಿ ಚೂಪು ಮಾಡಿ
‘ಬೆ’ಯ ಮಗ್ಗುಲಿಗೆ ಒಂದು ಕೊಕ್ಕೆ ಎಳೆದೆ.
ಕ್ರೇನಿನ ಹುಡುಗ ಮೊಬೈಲು ನೋಡುತ್ತ ಒರಗಲು ಬಂದ.
ಒರಗಬೇಡವೋ, ಅಂದೆ,
ಹಸಿ ಇದೆ.