ಇತರೆ

ಕಂಪನಿಯಿಂದ ಒಂದು ನಮೂನೆ ಬಂದಿದೆ.
ಮನೆಯಿಂದಲೇ ಕೆಲಸ ಮಾಡಿ ಈ ವರ್ಷ
ನೀವು ಉಳಿಸಿದ ಇಂಗಾಲ ಎಷ್ಟು, ಭರ್ತಿ ಮಾಡಿ.
ಮೂಲೆಯಲ್ಲೊಂದು ಹಸಿರು ಎಲೆ.
ಶುಕ್ರವಾರ ಸಂಜೆಯೊಳಗೆ ಕಳಿಸಬೇಕಂತೆ.

ದಿನಕ್ಕೆ ಎಷ್ಟು ದೂರ? ನೂರಾ ಎಂಬತ್ತು ಎಂದು ಬರೆದೆ,
ಮಂಡ್ಯದಿಂದ ಬೆಂಗಳೂರು, ಮತ್ತೆ ಮಂಡ್ಯ.
ವಾಹನ ಯಾವುದು? ಕಾರು, ಬೈಕು, ಕ್ಯಾಬು, ಇತರೆ.
ನಾನು ಇತರೆ.
ಅಂದರೆ ಬೆಳಗಿನ ರೈಲು, ಹೆಂಗಸರ ಬೋಗಿ,
ಬಾಗಿಲ ಪಕ್ಕದ ಮೂರನೇ ಸೀಟು,
ಮದ್ದೂರಿನಲ್ಲಿ ಹತ್ತುವ ನೂರ್‌ಜಾನ್ ಟೀಚರಿಗೆಂದು
ಊಟದ ಬ್ಯಾಗು ಇಟ್ಟು ಹಿಡಿದ ಜಾಗ,
ರಾಮನಗರ ಬರುವಷ್ಟರಲ್ಲಿ ಸುಲಿದು ಮುಗಿದ ಅವರೆಕಾಯಿ.

ಲೆಕ್ಕ ಕೈಕೊಡುವುದು ಇಲ್ಲೇ.
ನಾನು ಇಳಿದೆನೆಂದು ಆ ರೈಲೇನೂ
ಒಂದು ಯೂನಿಟ್ಟು ಕಡಿಮೆ ಕುಡಿಯಲಿಲ್ಲ.
ಅದೇ ಹೊತ್ತಿಗೆ ಕೂಗಿ
ನನ್ನ ಜಾಗವನ್ನು ಕೂರಿಸಿಕೊಂಡು ಹೋಗುತ್ತದೆ.
ಹಾಸಿಗೆಯಲ್ಲೇ ಕೇಳಿಸಿಕೊಳ್ಳುತ್ತೇನೆ.

ಉಳಿದದ್ದು ಸುಳ್ಳಲ್ಲ. ಸಂಜೆ ನಾಲೆ ಏರಿಯ ಮೇಲೆ ನಡೆಯುತ್ತೇನೆ,
ನೀರು ಬಿಟ್ಟ ದಿನ ಕಬ್ಬಿನ ಕಡೆಯಿಂದ ಬರುವ ತಂಪು
ಯಾವ ಕಲಮಿಗೂ ಸೇರದು.
ಒಬ್ಬನೇ ಕಾರಲ್ಲಿ ಕೂತು ದಿನಾ ಎರಡು ತಾಸು
ಸಿಗ್ನಲ್ಲಿಗೆ ಹೊಗೆ ಹಾಕುತ್ತಿದ್ದ ನಮ್ಮ ಮ್ಯಾನೇಜರು
ನಿಜವಾಗಿಯೂ ಉಳಿಸಿರಬೇಕು.
ಅವರ ಕಲಂ ಅವರು ತುಂಬಲಿ.

ಮೀಟರ್ ಓದುವ ಬೋರೇಶ ಬಂದ.
"ಏನಕ್ಕ, ಮನೇಲಿ ಮಿಲ್ಲೇನಾರ ಹಾಕ್ಕಂಡಿದ್ದೀರಾ?"
ಮಿಲ್ಲೇ ಇರಬೇಕು ಬೋರೇಶ.
ಮಹಡಿಯ ಶೀಟಿನ ಕೋಣೆಗೆ ಏಪ್ರಿಲ್ಲಿನಲ್ಲಿ ಬಂದ ಏಸಿ,
ಮೆಟ್ಟಿಲ ಕೆಳಗೆ ಯುಪಿಎಸ್ಸು, ಅದರ ಬ್ಯಾಟರಿ.
ಹೋದ ವರ್ಷದ್ದು ಉಬ್ಬಿ ಸತ್ತು ಗುಜರಿಯವನ ತಕ್ಕಡಿ ಏರಿತು.
ಅದರ ಸೀಸ ಯಾವ ಚರಂಡಿ ಸೇರಿತೋ,
ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ನಲವತ್ತು ಜನ ಒಂದೇ ತಂಪಿನಲ್ಲಿ ಕೂರುತ್ತಿದ್ದೆವು.
ಈಗ ನಲವತ್ತು ಮನೆ, ನಲವತ್ತು ತಂಪು,
ಒಂದೊಂದರ ಕೆಳಗೂ ಒಬ್ಬೊಬ್ಬರು
ಕಾಲಿಗೆ ದುಪ್ಪಟಿ ಹೊದ್ದು.

ಇನ್ನು ದಿನವಿಡೀ ಹೋಗಿ ಬರುವ ಈ ಮುಖಗಳು, ಈ ಫೈಲುಗಳು:
ಇವುಗಳಿಗಾಗಿ ಯಾವ ಊರಿನ ಯಾವ ಕಟ್ಟಡ ಬೆವರುತ್ತಿದೆಯೋ,
ಅದನ್ನು ಆರಿಸಲು ಯಾವ ಕೆರೆ ಇಳಿಯುತ್ತಿದೆಯೋ.
ಅಣೆಕಟ್ಟೆಯ ಅಡಿಗಳನ್ನು
ಮಗುವಿನ ಜ್ವರ ನೋಡಿದ ಹಾಗೆ ದಿನಾ ನೋಡುವವರು ನಾವು.
ಅರ್ಧ ಅಡಿಗೆ ಹೆದ್ದಾರಿಗೆ ಬಂದು ಕೂರುವ ಊರು.
ಪರದೆಯೊಳಗೆ ಹರಿದುಹೋಗುವ ನೀರಿಗೆ
ಇನ್ನೂ ಕಲ್ಲು ನೆಟ್ಟಿಲ್ಲ.

ಬುಧವಾರ ನೂರ್‌ಜಾನ್ ಟೀಚರಿಗೆ ಫೋನು ಮಾಡಿದೆ.
"ನಿನ್ನ ಸೀಟಲ್ಲಿ ಚನ್ನಪಟ್ಟಣದ ಹುಡುಗಿ ಕಣೇ,
ಸ್ಕೂಟರಲ್ಲಿ ಬಿಡದಿಗೆ ಹೋಗ್ತಿದ್ಲಂತೆ.
ಕೂರೋಕೆ ಜಾಗ ಸಿಗುತ್ತೆ ಅಂತ ರೈಲಿಗೆ ಬಂದ್ಲು.
ನಾನೇ ಹಿಡಿದಿಡ್ತೀನಿ."

ಸುಮಾರು ಹೊತ್ತು ಸುಮ್ಮನಿದ್ದೆ.
ಆಮೇಲೆ ನೂರಾ ಎಂಬತ್ತನ್ನು ಅಳಿಸಿ
ಐವತ್ತು ಎಂದು ಬರೆದೆ. ವಾಹನ: ಸ್ಕೂಟರು.
ಯಾರದ್ದು ಎಂದು ನಮೂನೆ ಕೇಳಲಿಲ್ಲ.
ಅವಳ ಹೆಸರು ನನಗೂ ಗೊತ್ತಿಲ್ಲ.

ಕಳಿಸುವ ಗುಂಡಿ ಒತ್ತುವಷ್ಟರಲ್ಲಿ ಕರೆಂಟು ಹೋಯಿತು.
ಏಸಿ ನಿಂತಿತು. ಕಿಟಕಿ ತೆಗೆದೆ.
ಮೆಟ್ಟಿಲ ಕೆಳಗೆ ಯುಪಿಎಸ್ಸು
ರೈಲಿನ ಹಾಗೆ ಒಮ್ಮೆ ಕೂಗಿ
ನನ್ನನ್ನು ಹೊತ್ತುಕೊಂಡಿತು.